ವೆಂಗರ್ ಆಟ ಅಂದರೆ ಯಾವ ಆಟ?

ಮಂಗಳೂರಿನಲ್ಲಿ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಜೆರ್ಸಿ ಹಾಕಿಕೊಂಡವರ ಎದೆಯ ಮೇಲೆ ಯಾವ ಪ್ರಾಯೋಜಕರ ಹೆಸರು ಬರೆದಿದೆ ಎಂದು ನೋಡಿದರೆ ಸಾಕು, ಆ ಕ್ಲಬ್‌ನ ಹಳೆಯ ಮ್ಯಾನೇಜರ್ ಆರ್ಸೆನ್ ವೆಂಗರ್ ಬಗ್ಗೆ ಅವರು ಏನು ಹೇಳುತ್ತಾರೆ ಎಂಬುದನ್ನು ಮುಕ್ಕಾಲು ಪಾಲು ಊಹಿಸಬಹುದು. ‘ಜೆವಿಸಿ’ ಎಂದಿದ್ದರೆ ಅದು 1999ಕ್ಕಿಂತ ಹಿಂದಿನ ಜೆರ್ಸಿ. ಗಲ್ಫ್‌ನಲ್ಲಿದ್ದ ಮಾವನೋ ಅಣ್ಣನೋ ತಂದುಕೊಟ್ಟದ್ದು, ಕೆಂಪು ಮಾಸಿ ಗುಲಾಬಿಯಾದರೂ ಎಸೆಯಲು ಮನಸ್ಸು ಬಾರದ್ದು. ‘ಒ2’ ಎಂದಿದ್ದರೆ 2002ರಿಂದ 2006ರ ನಡುವಿನದು. ‘ಫ್ಲೈ ಎಮಿರೇಟ್ಸ್’ ಆಮೇಲಿನದು, ಈಗ ಎಲ್ಲ ಕಡೆ ಕಾಣುವುದು ಎಮಿರೇಟ್ಸ್ ಹೆಸರಿನದೇ. ಮೊದಲ ಎರಡು ಜೆರ್ಸಿಯವರಿಗೆ ವೆಂಗರ್ ಎಂದರೆ ದೇವರು. ಮೂರನೆಯವರಲ್ಲಿ ಅರ್ಧ ಜನರಿಗೆ ಅವರು ಚಂದವಾಗಿ ಆಡಿಸಿ ಸೋಲಿಸುತ್ತಿದ್ದ ಮೇಷ್ಟ್ರು.

ನೆಹರೂ ಮೈದಾನದಲ್ಲಿ ಸಂಜೆ ಆಟ ಮುಗಿಸಿ ಚಾ ಕುಡಿಯಲು ನಿಂತವರ ನಡುವೆ, ಮಿಕೆಲ್ ಆರ್ಟೆಟಾ ಕಟ್ಟಿದ ಇತ್ತೀಚಿನ ಆರ್ಸೆನಲ್‌ನ ಆಟ ನೋಡಿ, ಈ ಜಗಳ ಹೀಗೆ ಶುರುವಾಗುತ್ತದೆ:

“ಕಾರ್ನರ್ ಹೊಡೆದು ತಲೆ ಕೊಟ್ಟು ಗೋಲು ಮಾಡುವುದು ಎಂತ ಆಟ ಮಾರಾಯ? ವೆಂಗರ್ ಇದ್ದಾಗ ನೋಡ್ಬೇಕಿತ್ತು ನೀನು.”

“ನೋಡಿದ್ದೇನೆ ಅಣ್ಣ. ಮ್ಯಾಂಚೆಸ್ಟರ್‌ನಲ್ಲಿ ಎಂಟು ಗೋಲು ತಿಂದದ್ದೂ ನೋಡಿದ್ದೇನೆ.”

ಚಾ ತಣ್ಣಗಾಗುವ ತನಕ ಇದು ನಿಲ್ಲುವುದಿಲ್ಲ. ದೇರಳಕಟ್ಟೆಯ ಹಾಸ್ಟೆಲುಗಳಲ್ಲಿ, ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿಯಲ್ಲಿ, ಮಣಿಪಾಲದ ಟರ್ಫ್‌ಗಳಲ್ಲೂ ಇದೇ ವಾದ. ನಮ್ಮವರಿಗೆ ಇಂಥ ಜಗಳ ಹೊಸತೇನೂ ಅಲ್ಲ. ಮೇಳ ಬಿಟ್ಟು ಹೋದ ಭಾಗವತರ ಹೆಸರೆತ್ತಿ, ‘ಆ ಕಾಲದ ಪದ್ಯ ಈಗ ಎಲ್ಲಿ’ ಎಂದು ಬೆಳಗಾಗುವ ತನಕ ವಾದಿಸುವ ಊರಿನವರು ನಾವು. ಆದರೆ ವೆಂಗರ್ ವಿಷಯದಲ್ಲಿ ಒಂದು ತೊಡಕಿದೆ. ಎರಡೂ ಕಡೆಯವರು ಹೇಳುವುದು ಸರಿ, ಏಕೆಂದರೆ ಅವರು ಮಾತಾಡುತ್ತಿರುವುದು ಎರಡು ಬೇರೆ ಬೇರೆ ತಂಡಗಳ ಬಗ್ಗೆ. ಮ್ಯಾನೇಜರ್ ಒಬ್ಬರೇ, ಅಷ್ಟೆ.

ಇದು ಅರ್ಥವಾಗಬೇಕಾದರೆ ವೆಂಗರ್‌ಗಿಂತ ಹಿಂದೆ ಹೋಗಬೇಕು. ಜಾರ್ಜ್ ಗ್ರಹಾಂ 1986ರಲ್ಲಿ ಆರ್ಸೆನಲ್ ಮ್ಯಾನೇಜರ್ ಆದರು. 1989 ಮತ್ತು 1991ರಲ್ಲಿ ಲೀಗ್ ಗೆದ್ದರು. ಲೀ ಡಿಕ್ಸನ್, ಟೋನಿ ಆಡಮ್ಸ್, ಸ್ಟೀವ್ ಬೋಲ್ಡ್, ನೈಜೆಲ್ ವಿಂಟರ್‌ಬರ್ನ್ ಎಂಬ ನಾಲ್ವರು ಡಿಫೆಂಡರುಗಳು ಸಾಲಾಗಿ ಮುಂದೆ ಬಂದು, ಎದುರಾಳಿ ತಮ್ಮ ಬೆನ್ನ ಹಿಂದೆ ಸಿಕ್ಕಿಬಿದ್ದನೆಂದು ಒಟ್ಟಿಗೆ ಕೈ ಎತ್ತಿ ಆಫ್‌ಸೈಡ್ ಕೇಳುವುದೇ ಆ ತಂಡದ ಗುರುತು. ಒಂದು ಗೋಲು ಹೊಡೆದು ಬಾಗಿಲು ಹಾಕಿಕೊಳ್ಳುವುದು ಅವರ ಕ್ರಮ. ‘ಒನ್ ನಿಲ್ ಟು ದಿ ಆರ್ಸೆನಲ್’ ಎಂದು ಅಭಿಮಾನಿಗಳೇ ಹಾಡಿಕೊಳ್ಳುತ್ತಿದ್ದರು. 1994ರ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಪಾರ್ಮಾವನ್ನು ಸೋಲಿಸಿದ್ದೂ ಒಂದು–ಸೊನ್ನೆಯಿಂದಲೇ. ಮರುವರ್ಷ, ಆಟಗಾರರ ಖರೀದಿಯಲ್ಲಿ ಏಜೆಂಟನಿಂದ ಹಣ ಪಡೆದ ಪ್ರಕರಣದಲ್ಲಿ ಗ್ರಹಾಂ ಕೆಲಸ ಕಳೆದುಕೊಂಡರು.

1996ರ ಅಕ್ಟೋಬರ್‌ನಲ್ಲಿ ವೆಂಗರ್ ಬಂದಾಗ ಇಂಗ್ಲೆಂಡಿನಲ್ಲಿ ಅವರನ್ನು ಬಲ್ಲವರೇ ಕಡಿಮೆ. ಸ್ಟ್ರಾಸ್‌ಬರ್ಗ್‌ನಲ್ಲಿ ಅರ್ಥಶಾಸ್ತ್ರ ಓದಿದ ಫ್ರೆಂಚರು. 1988ರಲ್ಲಿ ಮೊನಾಕೊಗೆ ಫ್ರೆಂಚ್ ಲೀಗ್ ಗೆದ್ದುಕೊಟ್ಟವರು, ಆಮೇಲೆ ಜಪಾನಿನ ನಗೋಯಾದಲ್ಲಿದ್ದವರು. ಅವರು ಮೊದಲು ಕೈ ಹಾಕಿದ್ದು ಆಟಕ್ಕಲ್ಲ, ಊಟಕ್ಕೆ. ಚಾಕೊಲೇಟ್ ಬಂದ್. ಬೇಯಿಸಿದ ಮೀನು, ಬೇಯಿಸಿದ ಕೋಳಿ, ತರಕಾರಿ, ಪಾಸ್ತಾ. ಬಸ್ಸಿನ ಹಿಂದಿನ ಸೀಟಿನಿಂದ ‘ನಮ್ಮ ಮಾರ್ಸ್ ಬಾರ್ ವಾಪಸ್ ಕೊಡಿ’ ಎಂದು ಆಟಗಾರರು ಹಾಡುತ್ತಿದ್ದರಂತೆ. ಮಸಾಲೆ ಇಲ್ಲದ ಮೀನನ್ನು ತಟ್ಟೆಗೆ ಹಾಕಿದರೆ ಮಂಗಳೂರಿನಲ್ಲಿ ಹಾಡಿಗೇ ನಿಲ್ಲುತ್ತಿರಲಿಲ್ಲ.

ಗ್ರಹಾಂ ಬಿಟ್ಟುಹೋದ ಆ ಡಿಫೆಂಡರುಗಳನ್ನು ವೆಂಗರ್ ಮನೆಗೆ ಕಳಿಸಲಿಲ್ಲ. ಅವರ ಮುಂದೆ ಪ್ಯಾಟ್ರಿಕ್ ವಿಯೆರಾ ಮತ್ತು ಇಮ್ಯಾನುಯೆಲ್ ಪೆಟಿ, ಬದಿಯಲ್ಲಿ ಮಾರ್ಕ್ ಓವರ್‌ಮಾರ್ಸ್. ಡೆನ್ನಿಸ್ ಬರ್ಗ್‌ಕ್ಯಾಂಪ್ ಆಗಲೇ ಕ್ಲಬ್‌ನಲ್ಲಿದ್ದರು. 1998ರಲ್ಲಿ ಲೀಗ್ ಮತ್ತು ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಎರಡೂ ಬಂತು. ಎವರ್ಟನ್ ವಿರುದ್ಧ ಲೀಗ್ ಗೆದ್ದ ದಿನದ ನಾಲ್ಕನೇ ಗೋಲು ನೆನಪಿರಬಹುದು. ಬೋಲ್ಡ್ ಚೆಂಡನ್ನು ಮೆಲ್ಲಗೆ ಎತ್ತಿ ಕೊಡುತ್ತಾರೆ, ಆಡಮ್ಸ್ ಎಡಗಾಲಲ್ಲಿ ಬಾರಿಸುತ್ತಾರೆ. ಪಾಸ್ ಕೊಟ್ಟವರೂ ಗೋಲು ಹೊಡೆದವರೂ ಗ್ರಹಾಂ ಕಾಲದಲ್ಲಿ ಕೈ ಎತ್ತಿ ನಿಲ್ಲುತ್ತಿದ್ದ ಡಿಫೆಂಡರುಗಳು.

ಇಲ್ಲಿಯ ಹಳಬರು ಆರ್ಸೆನಲ್‌ಗೆ ಮರುಳಾದದ್ದು ಈ ಹೊತ್ತಿಗೆ. ಕೇಬಲ್‌ನಲ್ಲಿ ಇಎಸ್‌ಪಿಎನ್, ಸ್ಟಾರ್ ಸ್ಪೋರ್ಟ್ಸ್ ಬರುತ್ತಿದ್ದವು. ಚಳಿಗಾಲದ ಶನಿವಾರ ರಾತ್ರಿ ಎಂಟೂವರೆಗೆ ಪಂದ್ಯ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರರ ಪಂದ್ಯಗಳನ್ನು ಟಿವಿಯಲ್ಲಿ ತೋರಿಸುವಂತಿಲ್ಲ, ಮೈದಾನಕ್ಕೆ ಜನ ಬರುವುದು ನಿಲ್ಲಬಾರದೆಂದು ಹಾಗೊಂದು ಕಟ್ಟುಪಾಡು. ಲಂಡನ್ನಿನವರು ಮನೆಯಲ್ಲಿ ಕೂತು ನೋಡಲಾಗದ ಪಂದ್ಯವನ್ನು, ಕರೆಂಟು ಕೈಕೊಡದಿದ್ದರೆ, ಉಳ್ಳಾಲದವರು ನೋಡುತ್ತಿದ್ದರು.

2003–04ರ ಸೀಸನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 38 ಪಂದ್ಯ, 26 ಗೆಲುವು, 12 ಡ್ರಾ, ಸೋಲು ಇಲ್ಲ. ಹಿಂದುಮುಂದಿನ ಸೀಸನ್‌ಗಳನ್ನು ಸೇರಿಸಿದರೆ ಲೀಗ್‌ನಲ್ಲಿ 49 ಪಂದ್ಯ ಸೋಲಿಲ್ಲದೆ ಸಾಗಿ, 2004ರ ಅಕ್ಟೋಬರ್ 24ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ನಿಂತಿತು. ಆದರೆ ಆ ತಂಡ ಹೇಗೆ ಆಡುತ್ತಿತ್ತು ಎಂಬುದನ್ನು ಈಗ ಯಾರೂ ಸರಿಯಾಗಿ ನೆನಪಿಟ್ಟಿಲ್ಲ. ಲೀಗ್ ಖಚಿತವಾದ ಟಾಟ್‌ನಮ್ ಪಂದ್ಯದ ಮೊದಲ ಗೋಲನ್ನೇ ತೆಗೆದುಕೊಳ್ಳಿ. ಕಾರ್ನರ್ ಸಿಕ್ಕಿದ್ದು ಟಾಟ್‌ನಮ್‌ಗೆ. ಅದು ವಿಫಲವಾಗಿ ಚೆಂಡು ಥಿಯೆರಿ ಹೆನ್ರಿ ಕಾಲಿಗೆ ಬಂತು. ಹೆನ್ರಿ ತಮ್ಮ ಅರ್ಧದಿಂದ ಎದುರಾಳಿಯ ಅರ್ಧಕ್ಕೆ ಓಡಿ, ಎಡಗಡೆ ಬರ್ಗ್‌ಕ್ಯಾಂಪ್‌ಗೆ ಕೊಟ್ಟರು. ಬರ್ಗ್‌ಕ್ಯಾಂಪ್ ನೆಲ ಸವರಿಕೊಂಡು ಒಳಗೆ ಕಳಿಸಿದ ಚೆಂಡಿಗೆ ವಿಯೆರಾ ಜಾರಿ ಬಂದು ಕಾಲು ತಾಗಿಸಿದರು. ಆಟ ಶುರುವಾಗಿ ಮೂರು ನಿಮಿಷ ಅಷ್ಟೆ. ಇದರಲ್ಲಿ ಜೇಡರಬಲೆ ನೇಯುವಂಥ ಪಾಸುಗಳು ಎಲ್ಲಿವೆ? ಇದು ಉದ್ದುದ್ದ ಕಾಲಿನ, ಗಟ್ಟಿ ಭುಜದ, ಚೆಂಡು ಸಿಕ್ಕ ಕೂಡಲೇ ಮುನ್ನುಗ್ಗುವ ತಂಡ. ಮೈಮೇಲೆ ಬಿದ್ದರೆ ವಾಪಸ್ ಬೀಳುವ ತಂಡ.

ಈಗ 2013ರ ಅಕ್ಟೋಬರ್‌ಗೆ ಬನ್ನಿ. ನಾರ್ವಿಚ್ ವಿರುದ್ಧ ಜ್ಯಾಕ್ ವಿಲ್‌ಷೇರ್ ಹೊಡೆದ ಗೋಲು. ಪೆನಾಲ್ಟಿ ಬಾಕ್ಸ್‌ನ ಅಂಚಿನಲ್ಲಿ ವಿಲ್‌ಷೇರ್, ಕಜೋರ್ಲಾ, ಜಿರೂ ಮೂವರ ನಡುವೆ ಚೆಂಡು ಒಂದೊಂದೇ ಸ್ಪರ್ಶದಲ್ಲಿ ಹೋಗಿ ಬರುತ್ತದೆ. ಕೊನೆಯ ಪಾಸನ್ನು ಜಿರೂ ನೋಡದೆಯೇ ಕಾಲಿನ ಹೊರಬದಿಯಲ್ಲಿ ತಳ್ಳಿದಂತಿದೆ. ನಾರ್ವಿಚ್ ಡಿಫೆಂಡರುಗಳು ಹೊರಗಿನವರಂತೆ ನಿಂತು ನೋಡುತ್ತಾರೆ. ‘ವೆಂಗರ್ ಆಟ’ ಎಂದು ಇಂದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುವುದು ಈ ಗೋಲು. ಅದ್ಭುತವೇ, ಸಂಶಯವಿಲ್ಲ. ಆದರೆ ಆ ಆಟ ಆಡಿದ ತಂಡಗಳು ಲೀಗ್ ಗೆಲ್ಲಲಿಲ್ಲ. ಲೀಗ್ ಗೆದ್ದ ತಂಡಗಳು ಆ ಆಟ ಆಡಿರಲಿಲ್ಲ.

ಎರಡರ ನಡುವೆ ಆದದ್ದೇನು? ಮೈದಾನ ಬದಲಾಯಿತು. ಸುಮಾರು 38,000 ಜನ ಹಿಡಿಸುವ ಹೈಬರಿ ಬಿಟ್ಟು 60,000 ಜನರ ಎಮಿರೇಟ್ಸ್‌ಗೆ 2006ರಲ್ಲಿ ಹೋದರು. ಖರ್ಚು ಸುಮಾರು 39 ಕೋಟಿ ಪೌಂಡ್, ಅದರಲ್ಲಿ ಬಹುಪಾಲು ಸಾಲ. ಸಾಲ ಕೊಡುವ ಬ್ಯಾಂಕುಗಳು ವೆಂಗರ್ ಐದು ವರ್ಷ ಇರುತ್ತಾರೆಂಬ ಖಾತ್ರಿ ಕೇಳಿದ್ದವು ಎಂದು ಅವರೇ ಆಮೇಲೆ ಹೇಳಿದ್ದಾರೆ. ಅದೇ ಹೊತ್ತಿಗೆ ಚೆಲ್ಸಿಗೆ ರಷ್ಯಾದ ದುಡ್ಡು, 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಅಬುಧಾಬಿಯ ದುಡ್ಡು ಬಂತು. ಆರ್ಸೆನಲ್ ಮಾತ್ರ ಮಾರುತ್ತಾ ಹೋಯಿತು: 2005ರಲ್ಲಿ ವಿಯೆರಾ, 2007ರಲ್ಲಿ ಹೆನ್ರಿ, 2011ರಲ್ಲಿ ಫ್ಯಾಬ್ರೆಗಸ್ ಮತ್ತು ನಸ್ರಿ, 2012ರಲ್ಲಿ ವ್ಯಾನ್ ಪರ್ಸಿ, ಅದೂ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ಹೋದವರ ಜಾಗಕ್ಕೆ ಚಿಕ್ಕ ಪ್ರಾಯದ, ಚಿಕ್ಕ ಮೈಕಟ್ಟಿನ, ಕಾಲಲ್ಲಿ ಜಾದೂ ಇರುವ ಹುಡುಗರನ್ನು ತಂದು ವೆಂಗರ್ ಅವರಿಗೆ ತಕ್ಕ ಆಟ ಕಟ್ಟಿದರು. ನನ್ನ ಲೆಕ್ಕದಲ್ಲಿ ಆ ಸಣ್ಣ ಪಾಸುಗಳ ಆಟ ಸಿದ್ಧಾಂತದಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಜೇಬಿನಿಂದ ಹುಟ್ಟಿದ್ದು. ಬಂದ ಮೇಲೆ ಅದನ್ನು ಅವರು ಪ್ರೀತಿಸಿದರು, ಬಿಡಲು ಆಗದಷ್ಟು. ಅಲ್ಲಿ ಅವರ ತಪ್ಪೂ ಇದೆ.

2005ರ ಎಫ್‌ಎ ಕಪ್ ಫೈನಲ್‌ನಲ್ಲಿ ಯುನೈಟೆಡ್ ಇಡೀ ಹೊತ್ತು ಮೇಲೆ ಬಿದ್ದು ಆಡಿದರೂ ಸೊನ್ನೆ–ಸೊನ್ನೆಯಲ್ಲಿ ತಡೆದು, ಪೆನಾಲ್ಟಿಯಲ್ಲಿ ಆರ್ಸೆನಲ್ ಗೆದ್ದಿತ್ತು. ಕೊನೆಯ ಪೆನಾಲ್ಟಿ ವಿಯೆರಾ ಅವರದು. ಆರ್ಸೆನಲ್ ಪರ ಅವರು ಚೆಂಡನ್ನು ಒದ್ದದ್ದು ಅದೇ ಕೊನೆ. ಬೇಕಾದಾಗ ಬಾಗಿಲು ಹಾಕಿ ಆಡಲು ವೆಂಗರ್‌ಗೂ ಬರುತ್ತಿತ್ತು ಎಂಬುದಕ್ಕೆ ಈ ಪಂದ್ಯವನ್ನು ಯಾರೂ ಎತ್ತಿ ತೋರಿಸುವುದಿಲ್ಲ, ನೋಡಲು ಚಂದ ಇರಲಿಲ್ಲ ನೋಡಿ.

ಮುಂದಿನ ಒಂಬತ್ತು ವರ್ಷ ಕಪ್ ಇಲ್ಲ. 2006ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗೋಲ್‌ಕೀಪರ್ ಲೆಹ್‌ಮನ್ 18ನೇ ನಿಮಿಷಕ್ಕೆ ಕೆಂಪು ಕಾರ್ಡ್ ಕಂಡರು, ಬಾರ್ಸಿಲೋನಾ 2–1ರಿಂದ ಗೆದ್ದಿತು. 2011ರ ಆಗಸ್ಟ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ 8–2ರ ಸೋಲು. 2014ರ ಮಾರ್ಚ್‌ನಲ್ಲಿ ವೆಂಗರ್ ಅವರ ಸಾವಿರದ ಪಂದ್ಯ, ಎದುರಾಳಿ ಚೆಲ್ಸಿ, ಫಲಿತಾಂಶ 6–0ರ ಸೋಲು. 2014, 2015, 2017ರಲ್ಲಿ ಎಫ್‌ಎ ಕಪ್ ಬಂದರೂ ಸಿಟ್ಟು ಇಳಿಯಲಿಲ್ಲ. 2017ರ ಮಾರ್ಚ್‌ನಲ್ಲಿ ವೆಸ್ಟ್ ಬ್ರಾಮ್‌ವಿಚ್ ಮೈದಾನದ ಮೇಲೆ ‘ವೆಂಗರ್ ಔಟ್’ ಬ್ಯಾನರ್ ಕಟ್ಟಿದ ವಿಮಾನ ಹಾರಿತು. ಅದರ ಬೆನ್ನಿಗೇ ‘ನಮಗೆ ಆರ್ಸೆನ್ ಮೇಲೆ ನಂಬಿಕೆ’ ಎಂಬ ಇನ್ನೊಂದು ವಿಮಾನ. ಪಂದ್ಯ 3–1ರಿಂದ ಸೋತರು. ಅದೇ ವರ್ಷ ಜಿಂಬಾಬ್ವೆಯಲ್ಲಿ ಮುಗಾಬೆ ವಿರುದ್ಧದ ಮೆರವಣಿಗೆಯಲ್ಲೂ ಒಬ್ಬರು ‘ವೆಂಗರ್ ಔಟ್’ ಫಲಕ ಹಿಡಿದಿದ್ದರು. 2018ರ ಮೇ ತಿಂಗಳಲ್ಲಿ, 1,235 ಪಂದ್ಯಗಳ ಬಳಿಕ, ವೆಂಗರ್ ಹೊರಟರು.

ಆಗಲೇ ಮುಗಿಯಬೇಕಿದ್ದ ವಾದ ಮತ್ತೆ ಎದ್ದದ್ದು ಮಿಕೆಲ್ ಆರ್ಟೆಟಾರಿಂದ. 8–2 ಆದ ಮೂರೇ ದಿನಕ್ಕೆ ವೆಂಗರ್ ಖರೀದಿಸಿದ ಆಟಗಾರ ಆರ್ಟೆಟಾ, ಮುಂದೆ ಅವರದೇ ನಾಯಕ, 2019ರ ಡಿಸೆಂಬರ್‌ನಲ್ಲಿ ಮ್ಯಾನೇಜರ್. ಸಲಿಬಾ, ಗ್ಯಾಬ್ರಿಯೆಲ್ ಎಂಬ ಇಬ್ಬರು ಗಟ್ಟಿಗರನ್ನು ಹಿಂದೆ ನಿಲ್ಲಿಸಿ, ಕಾರ್ನರ್ ಮತ್ತು ಫ್ರೀಕಿಕ್‌ಗೆಂದೇ ನಿಕೋಲಸ್ ಜೋವರ್ ಎಂಬ ಕೋಚ್‌ನನ್ನು ಇಟ್ಟುಕೊಂಡು ಅವರು ತಂಡ ಕಟ್ಟಿದಾಗ ಹಳಬರು ಹುಬ್ಬೇರಿಸಿದರು: ಇದು ವೆಂಗರ್ ಶಿಷ್ಯನ ಆಟವಲ್ಲ, ಗ್ರಹಾಂ ಆಟ! 2023, 2024, 2025ರಲ್ಲಿ ಮೂರು ಸಲವೂ ಲೀಗ್‌ನಲ್ಲಿ ಎರಡನೇ ಸ್ಥಾನ ಬಂದದ್ದು ಬೆಂಕಿಗೆ ತುಪ್ಪ ಸುರಿಯಿತು.

ಆದರೆ ಅಂಕಿಗಳನ್ನು ಮುಂದಿಟ್ಟರೆ ಎರಡೂ ಕಡೆಯವರು ಒಂದು ಕ್ಷಣ ಬಾಯಿ ಮುಚ್ಚುತ್ತಾರೆ. ಸೋಲಿಲ್ಲದ 2003–04ರ ತಂಡ 38 ಪಂದ್ಯಗಳಲ್ಲಿ ಹೊಡೆದದ್ದು 73 ಗೋಲು, ತಿಂದದ್ದು 26. ಆರ್ಟೆಟಾರ 2023–24ರ ತಂಡ ಹೊಡೆದದ್ದು 91, ತಿಂದದ್ದು 29. ಅಂಕ ವೆಂಗರ್‌ಗೆ 90, ಆರ್ಟೆಟಾಗೆ 89. ಇನ್ನು ‘ಬೋರು’ ಎಂದು ಎಲ್ಲರೂ ಹಳಿಯುವ ಗ್ರಹಾಂ 1990–91ರಲ್ಲಿ, ಅಷ್ಟೇ ಪಂದ್ಯಗಳಲ್ಲಿ, 74 ಗೋಲು ಹೊಡೆಸಿದ್ದರು. ವೆಂಗರ್ ತಂಡಕ್ಕಿಂತ ಒಂದು ಜಾಸ್ತಿ! ತಿಂದದ್ದು ಬರೀ 18, ಸೋತದ್ದು ಒಂದೇ ಪಂದ್ಯ. ಯಾವುದು ಚಂದ, ಯಾವುದು ಬೋರು ಎಂಬುದು ಗೋಲಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹೆನ್ರಿ ಓಡುವಾಗ ಎದ್ದು ನಿಂತವರು ಅದನ್ನು ಮರೆಯಲಿಲ್ಲ, ಅಷ್ಟೇ ವಿಷಯ.

ಈ ಜಗಳದಲ್ಲಿ ಯಾರೂ ಎತ್ತದ ವೆಂಗರ್ ಒಬ್ಬರಿದ್ದಾರೆ: 2006ರಿಂದ 2013ರ ತನಕ, ಒಳ್ಳೆಯ ಆಟಗಾರರನ್ನೆಲ್ಲ ಮಾರಿ, ಸಾಲ ತೀರಿಸುತ್ತಾ, ಒಂದು ವರ್ಷವೂ ಮೊದಲ ನಾಲ್ಕರಿಂದ ಕೆಳಗಿಳಿಯದ ವೆಂಗರ್. ಮೊದಲ ನಾಲ್ಕರಲ್ಲಿ ಬರುವುದೂ ಒಂದು ಕಪ್ ಇದ್ದಂತೆ ಎಂದಾಗ ಜನ ನಕ್ಕಿದ್ದರು. ಮೊದಲ ನಾಲ್ಕರಲ್ಲಿದ್ದರೆ ಆಡಲು ಸಿಗುವ ಯುರೋಪಿನ ಚಾಂಪಿಯನ್ಸ್ ಲೀಗ್‌ನ ದುಡ್ಡಿಲ್ಲದೆ ಆ ಸಾಲದ ಕಂತು ಕಟ್ಟುವುದು ಎಷ್ಟು ಕಷ್ಟವಾಗುತ್ತಿತ್ತೆಂದು ಅರ್ಥಶಾಸ್ತ್ರ ಓದಿದವರಿಗೆ ಗೊತ್ತಿತ್ತು. ಆ 60,000 ಕುರ್ಚಿಗಳ ಆದಾಯದ ಬಲವಿದ್ದುದರಿಂದಲೇ 2023ರಲ್ಲಿ ಡೆಕ್ಲನ್ ರೈಸ್‌ಗೆ ಹತ್ತು ಕೋಟಿ ಪೌಂಡ್ ಮೀರಿ ಕೊಡಲು ಸಾಧ್ಯವಾಯಿತು. ಕಾರ್ನರ್ ತೆಗೆಯುವವರಲ್ಲಿ ಆ ರೈಸ್ ಕೂಡ ಒಬ್ಬರು.

ಇದನ್ನೆಲ್ಲ ನೆಹರೂ ಮೈದಾನದ ‘ಫ್ಲೈ ಎಮಿರೇಟ್ಸ್’ ಹುಡುಗನೊಬ್ಬನಿಗೆ ವಿವರಿಸಿದೆ. ಪೂರ್ತಿ ಕೇಳಿದ.

“ಅದೆಲ್ಲ ಇರ್ಲಿ ಸರ್. ಆಗ ದುಡ್ಡು ಇರ್ಲಿಲ್ಲ, ಸರಿ. 2015ರಲ್ಲಿ ಇತ್ತಲ್ಲ? ಆ ಬೇಸಿಗೆಯಲ್ಲಿ ಗೋಲ್‌ಕೀಪರ್ ಚೆಕ್ ಒಬ್ಬನನ್ನು ಬಿಟ್ಟು ಮುಖ್ಯ ತಂಡಕ್ಕೆ ಬೇರೆ ಒಬ್ಬ ಆಟಗಾರನನ್ನೂ ತಗೊಳ್ಳಲಿಲ್ಲ ಯಾಕೆ? ಲೆಸ್ಟರ್‌ನವರು ಕಪ್ ಹೊಡೆದ್ರು, ನಾವು ಹತ್ತು ಪಾಯಿಂಟ್ ಹಿಂದೆ!”

ಅದಕ್ಕೆ ನನ್ನಲ್ಲೂ ಉತ್ತರ ಇಲ್ಲ, ಜೆವಿಸಿಯವರಲ್ಲೂ ಇಲ್ಲ.