ವಾತಾವರಣ ಅಂದ್ರೆ ಏನೇನು? ದೇವಿಮನೆ ಘಟ್ಟದಿಂದ ನೇತ್ರಾಣಿವರೆಗೆ

ಪರೀಕ್ಷೆಗೆ ಓದುವವರನ್ನು ಜಾಸ್ತಿ ಗೊಂದಲಕ್ಕೆ ತಳ್ಳುವ ಪದಗಳಲ್ಲಿ ವಾತಾವರಣವೂ ಒಂದು. ಭೂಗೋಳದಲ್ಲಿ ಅದು ಭೂಮಿಯನ್ನು ಸುತ್ತಿಕೊಂಡಿರುವ ಗಾಳಿ. ಭೌತಶಾಸ್ತ್ರಕ್ಕೆ ಬಂದರೆ ಒತ್ತಡದ ಅಳತೆ. ಪೇಪರ್ ತೆಗೆದರೆ ‘ಬಿಗುವಿನ ವಾತಾವರಣ’.

ಸುಲಭದ್ದನ್ನು ಮೊದಲು ಮುಗಿಸೋಣ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ ಬಂದಾಗ ಊರೆಲ್ಲ ಹಬ್ಬದ ವಾತಾವರಣ ಅಂತೀವಲ್ಲ, ಅಲ್ಲಿ ಗಾಳಿಯ ಮಾತೇ ಇಲ್ಲ. ಈ ಅರ್ಥದಲ್ಲಿ ಪದದ ಹಿಂದೆ ಸಾಮಾನ್ಯವಾಗಿ ಇನ್ನೊಂದು ಮಾತು ಇರುತ್ತದೆ: ಹಬ್ಬದ, ಮನೆಯ, ಕಲಿಕೆಯ. ಮುಂದೆ ಮೂಡಿತು, ಕೆಟ್ಟಿತು, ತಿಳಿಯಾಯಿತು ಅಂತ ಬರುತ್ತದೆ. ಅಕ್ಕಪಕ್ಕ ನೋಡಿದರೆ ಅರ್ಥ ಗೊತ್ತಾಗುತ್ತದೆ.

‘ಇವತ್ತು ವಾತಾವರಣ ಸರಿ ಇಲ್ಲ, ಮಳೆ ಬರಬಹುದು’ ಅನ್ನುವುದು ಮಾತಿಗೆ ಚೆನ್ನಾಗಿದೆ. ಉತ್ತರಪತ್ರಿಕೆಯಲ್ಲಿ ಮಾತ್ರ ಅದನ್ನು ಹವಾಮಾನ ಅಂತ ಬರೆಯಿರಿ. ಇವತ್ತು ಕಾರವಾರದಲ್ಲಿ ಮೋಡ ಕವಿದಿದೆ ಅಂದರೆ ಹವಾಮಾನ. ವರ್ಷವರ್ಷವೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಮಳೆ ಸುರಿಯುತ್ತದೆ ಅಂದರೆ ವಾಯುಗುಣ, ಅದಕ್ಕೆ ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ನೋಡುತ್ತಾರೆ. ಇವೆರಡೂ ನಡೆಯುವ ಜಾಗ ವಾತಾವರಣ.

ಅದರಲ್ಲಿ ಏನಿದೆ? ಒಣ ಗಾಳಿಯಲ್ಲಿ 78 ಶೇಕಡಾ ಸಾರಜನಕ, 21 ಶೇಕಡಾ ಆಮ್ಲಜನಕ, ಉಳಿದದ್ದರಲ್ಲಿ ಹೆಚ್ಚು ಪಾಲು ಆರ್ಗಾನ್. ಕೆಳಗಿನಿಂದ ಮೇಲಕ್ಕೆ ಪರಿವರ್ತನ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ. ಈ ಹೆಸರುಗಳನ್ನು ಸುಮ್ನೆ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. ಆದರೆ ನಮ್ಮ ಮಳೆ, ಮೋಡ, ಗುಡುಗು ಎಲ್ಲ ಮೊದಲನೆಯದರಲ್ಲೇ ನಡೆಯುತ್ತವೆ ಅನ್ನುವುದು ನೆನಪಿರಲಿ. ಅಲ್ಲಿ ಒಂದು ಕಿಲೋಮೀಟರ್ ಮೇಲೆ ಹೋದರೆ ಸರಾಸರಿ 6.5 ಡಿಗ್ರಿ ತಂಪು. ಸಮುದ್ರದಿಂದ ಬಂದ ಹಸಿ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರುತ್ತಾ ತಣಿಯುತ್ತದೆ, ತಣಿದಾಗ ನೀರಾವಿ ಹನಿಯಾಗುತ್ತದೆ. ಘಟ್ಟದ ಪಶ್ಚಿಮಕ್ಕೆ ಅಷ್ಟು ಮಳೆ, ಪೂರ್ವಕ್ಕೆ ಮುಂಡಗೋಡಿನ ಕಡೆ ಕಡಿಮೆ ಯಾಕೆ ಅನ್ನುವುದಕ್ಕೆ ಇದೇ ಉತ್ತರ.

ಈಗ ಒತ್ತಡ. ನನ್ನ ಪ್ರಕಾರ ಇಡೀ ಪಾಠದಲ್ಲಿ ಇದೇ ಚಂದದ ಭಾಗ. ಗಾಳಿಗೂ ಭಾರ ಇದೆ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಗಾಳಿ ಕೂತಿರುತ್ತದೆ. 1643ರಲ್ಲಿ ಇಟಲಿಯ ಟಾರಿಚೆಲ್ಲಿ ಪಾದರಸದ ಕೊಳವೆಯಿಂದ ಇದನ್ನು ತೋರಿಸಿದರು. ಆ ಒತ್ತಡವನ್ನೇ ಒಂದು ಅಟ್ಮಾಸ್ಫಿಯರ್ ಅಂತ ಅಳತೆ ಮಾಡಿಕೊಂಡರು: 760 ಮಿಲಿಮೀಟರ್ ಪಾದರಸ, ಅಂದರೆ 1013.25 ಹೆಕ್ಟೊಪಾಸ್ಕಲ್.

ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಕಿವಿ ಗುಂಯ್ ಅನ್ನುತ್ತದಲ್ಲ, ಅದು ಇದೇ. ಹೊರಗಿನ ಒತ್ತಡ ಇಳಿಯುತ್ತಾ ಬರುತ್ತದೆ, ಕಿವಿಯ ಒಳಗಿನದು ಸ್ವಲ್ಪ ಹಿಂದೆ ಉಳಿಯುತ್ತದೆ. ಎಂಜಲು ನುಂಗಿದರೆ ಎರಡೂ ಸಮ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಒತ್ತಡ 943 ಹೆಕ್ಟೊಪಾಸ್ಕಲ್ ಆಸುಪಾಸು, ನೀರು ಅಲ್ಲಿ 98 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಇಲ್ಲೊಂದು ಸ್ವಾರಸ್ಯ ಇದೆ. ಸಮುದ್ರದ ಮೇಲೆ 943 ಬಂತು ಅಂದರೆ ಅದು ಭಾರೀ ಚಂಡಮಾರುತದ ನಡುಭಾಗ! ಶಿರಸಿಯಲ್ಲಿ ಅದು ದಿನಾ ಇರುವ ಒತ್ತಡ. ಅದಕ್ಕೇ ಹವಾಮಾನ ನಕ್ಷೆ ಮಾಡುವವರು ಎಲ್ಲ ಊರಿನ ಅಂಕಿಯನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕುತ್ತಾರೆ. ಇಲ್ಲದಿದ್ದರೆ ನಕ್ಷೆಯ ತುಂಬ ಘಟ್ಟದ ಮೇಲೆಲ್ಲ ವಾಯುಭಾರ ಕುಸಿತವೇ ಕಾಣುತ್ತಿತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯಾಚೆ ಹಾದುಹೋದಾಗ ಟಿವಿಯಲ್ಲಿ ಮತ್ತೆ ಮತ್ತೆ ಕೇಳಿದ ‘ವಾಯುಭಾರ ಕುಸಿತ’ ಹೀಗೆ ಹೋಲಿಸಿ ನೋಡಿದ ಕುಸಿತ.

ಬಾವಿಗೂ ಇದು ಅನ್ವಯಿಸುತ್ತದೆ. ದಡದ ಮೇಲಿಟ್ಟ ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಅಟ್ಮಾಸ್ಫಿಯರ್ ತಳ್ಳಬಹುದಾದದ್ದು ಹೆಚ್ಚೆಂದರೆ 10.3 ಮೀಟರ್, ಶಿರಸಿಯಲ್ಲಿ ಇನ್ನೂ ಕಡಿಮೆ. ತೋಟದ ಆಳದ ಬಾವಿಯಲ್ಲಿ ಮೋಟಾರನ್ನು ನೀರೊಳಗೇ ಇಳಿಸುವುದು ಅದಕ್ಕೇ.

ಒಂದು ಲೆಕ್ಕ ಮಾಡಿ ನೋಡಿ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಹತ್ತಿರ ಡೈವಿಂಗ್ ಮಾಡುವವರು 15 ಮೀಟರ್ ಆಳಕ್ಕೆ ಇಳಿದರೆ ಮೈಮೇಲೆ ಒತ್ತಡ ಎಷ್ಟು? ಸಮುದ್ರದ ನೀರಿನಲ್ಲಿ ಸುಮಾರು 10 ಮೀಟರಿಗೆ ಒಂದು ಅಟ್ಮಾಸ್ಫಿಯರ್ ಏರುತ್ತದೆ, ಹಾಗಾಗಿ ಒಂದೂವರೆ ಅಂತ ಬರೆದು ಬಿಡುವವರು ತುಂಬಾ ಜನ. ನೀರಿನ ಮೇಲೆ ಗಾಳಿಯ ಒಂದು ಇದೆಯಲ್ಲ, ಅದನ್ನೂ ಸೇರಿಸಿ. ಉತ್ತರ ಎರಡೂವರೆ.