ಎಲ್‌ಎಫ್‌ಪಿ: ಅಮೆರಿಕದ ಮೇವಿನ ಬರ ಪರಿಹಾರ ಯಾರ ಕೈ ಸೇರುತ್ತದೆ?

ಎಲ್‌ಎಫ್‌ಪಿ ಅಂದರೆ 'ಲೈವ್‌ಸ್ಟಾಕ್ ಫೊರೇಜ್ ಡಿಸಾಸ್ಟರ್ ಪ್ರೋಗ್ರಾಂ'. ಬರ ಬಂದು ಹುಲ್ಲುಗಾವಲು ಒಣಗಿದಾಗ ದನ, ಕುರಿ, ಮೇಕೆ ಸಾಕುವ ರಾಂಚಿನವರಿಗೆ ಅಮೆರಿಕ ಸರ್ಕಾರ ಕೊಡುವ ಮೇವಿನ ಪರಿಹಾರ ಇದು. ಹಣ ಹಂಚುವುದು ಅಲ್ಲಿನ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿ. 2008ರ ಫಾರ್ಮ್ ಬಿಲ್‌ನಲ್ಲಿ, ಅಂದರೆ ಅಲ್ಲಿನ ಕೃಷಿ ಕಾಯ್ದೆಯಲ್ಲಿ, ಶುರುವಾಯಿತು, 2014ರಲ್ಲಿ ಕಾಯಂ ಆಯಿತು. ಬಿರುಗಾಳಿ, ಹಿಮಪಾತಕ್ಕೆ ದನ ಸತ್ತರೆ ಸಿಗುವ ಪರಿಹಾರವೇ ಬೇರೆ, ಅದರ ಹೆಸರು ಎಲ್‌ಐಪಿ.

ಬರ ಇದೆ ಅಂತ ಹೇಳುವವರು ಯಾರು? 'ಡ್ರಾಟ್ ಮಾನಿಟರ್' ಎಂಬ ನಕ್ಷೆ. 1999ರಿಂದ ಪ್ರತಿ ಗುರುವಾರ ಹೊರಬರುತ್ತದೆ. ಬರದ ತೀವ್ರತೆಗೆ ತಕ್ಕಂತೆ ಡಿ1ರಿಂದ ಡಿ4ರವರೆಗೆ ಬಣ್ಣ ಬಳಿಯುತ್ತಾರೆ. ಮೇಯಿಸುವ ಕಾಲದಲ್ಲಿ ಒಂದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಯಾವುದೋ ಮೂಲೆ ಡಿ3 ಮುಟ್ಟಿದರೂ ಸಾಕು, ಆ ಕೌಂಟಿಯಲ್ಲಿ ಅರ್ಹರಾದವರಿಗೆಲ್ಲ 3 ತಿಂಗಳ ಕಂತು ಸಿಗುತ್ತದೆ. ಡಿ4 ಆದರೆ 4 ಕಂತು, ಆ ಡಿ4 ನಾಲ್ಕು ವಾರ ಇದ್ದರೆ 5 ಕಂತು. ನಿಮ್ಮ ಹುಲ್ಲು ನಿಜಕ್ಕೂ ಎಷ್ಟು ಹಾಳಾಗಿದೆ ಅಂತ ಜಮೀನಿಗೆ ಬಂದು ಅಳೆದು ಲೆಕ್ಕ ಹಾಕುವ ಪದ್ಧತಿ ಇಲ್ಲ.

ಈ ನಕ್ಷೆಯನ್ನು ನೆಚ್ಚಿಕೊಳ್ಳುವುದಕ್ಕೆ ಕಾರಣವೂ ಇದೆ. ಮೊದಲೆಲ್ಲ ಬರ ಬಂದಾಗ ಸಂಸತ್ತು ಆ ಹೊತ್ತಿಗೊಂದು ಯೋಜನೆ ಮಾಡುತ್ತಿತ್ತು. 2002ರ ಬರಕ್ಕೆ ಅಂತ ತಂದ ಯೋಜನೆಯೊಂದನ್ನು ಮರುವರ್ಷ ಸಡಿಲ ಮಾಡಿದರು. ಬರವೇ ಆಗಬೇಕಿಲ್ಲ, ಕೌಂಟಿಯಲ್ಲಿ ಯಾವುದಾದರೂ ವಿಪತ್ತು ಘೋಷಣೆ ಆಗಿದ್ದರೆ ಸಾಕು ಎಂದಾಯಿತು. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಒಡೆದು ಚೂರುಗಳು ಟೆಕ್ಸಾಸ್ ಮೇಲೆ ಬಿದ್ದವಲ್ಲ, ಆ ದುರಂತದ ಘೋಷಣೆಯನ್ನೇ ಹಿಡಿದು ಅಲ್ಲಿನ ರಾಂಚಿನವರಿಗೂ ಹಣ ಸಂದಾಯವಾಯಿತು. 2006ರಲ್ಲಿ ಪತ್ರಿಕೆಗಳು ಇದನ್ನು ಬಯಲಿಗೆಳೆದವು. ಅದಕ್ಕೆ ಹೋಲಿಸಿದರೆ ನಕ್ಷೆ ಎಷ್ಟೋ ವಾಸಿ.

ಇನ್ನು ಹಣ ಯಾರಿಗೆ? ಬರ ಶುರುವಾಗುವ ಹಿಂದಿನ 60 ದಿನಗಳ ಒಳಗೆ ದನ ತಮ್ಮ ಕೈಯಲ್ಲಿದ್ದಿರಬೇಕು, ಸ್ವಂತದ್ದೋ ಗೇಣಿಗೆ ಪಡೆದದ್ದೋ. ಮೇಯಿಸುವ ಜಮೀನು ಸ್ವಂತದ್ದೋ ಗೇಣಿಯದ್ದೋ ಆಗಿರಬೇಕು. ಜಮೀನನ್ನು ನಗದು ಗೇಣಿಗೆ ಕೊಟ್ಟು ಕೂತವರಿಗೆ ಸಿಗುವುದಿಲ್ಲ. ಫೀಡ್‌ಲಾಟ್‌ನಲ್ಲಿ ಕೂಡಿಹಾಕಿ ಕೊಬ್ಬಿಸುವ ದನಕ್ಕೂ, ಶೋಕಿಗೆ ಸಾಕಿದ ಕುದುರೆಗೂ ಇಲ್ಲ. ರಾಂಚಿನಲ್ಲಿ ಕೂಲಿಗೆ ದುಡಿಯುವವರ ಹೆಸರು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಮೊತ್ತದ ಲೆಕ್ಕ ಹೀಗೆ. ಮಂದೆಯ ಒಂದು ತಿಂಗಳ ಮೇವಿನ ಖರ್ಚು ಒಂದು ಕಡೆ, ಆ ಜಮೀನು ಮೇಯಿಸಬಲ್ಲಷ್ಟು ದನದ ಖರ್ಚು ಇನ್ನೊಂದು ಕಡೆ. ಯಾವುದು ಕಡಿಮೆಯೋ ಅದರ ಶೇ. 60 ಒಂದು ಕಂತು. ಅಂದರೆ ದನ ಜಾಸ್ತಿ, ಜಮೀನು ಜಾಸ್ತಿ ಇದ್ದವರಿಗೆ ಹಣವೂ ಜಾಸ್ತಿ. 40 ದನ ಇಟ್ಟುಕೊಂಡು, ಈ ವರ್ಷ ಹಸು ಮಾರದೆ ಉಳಿಯುವುದು ಹೇಗೆ ಅಂತ ಒದ್ದಾಡುವವರಿಗೂ 1,000 ದನ ಇದ್ದವರಿಗೂ ತಲೆಗೆ ಒಂದೇ ದರ. ನನಗೆ ಸರಿ ಕಾಣದಿರುವುದು ಇದೇ. ಬರದಲ್ಲಿ ಸರ್ಕಾರ ನೆರವಾಗಲೇಬೇಕು, ಆದರೆ ಮೊದಲ ನೂರು ದನಕ್ಕೆ ಹೆಚ್ಚು ದರ ಕೊಡುವುದು ಕಷ್ಟವೇನಲ್ಲ, ಅಲ್ವಾ?

ಮಿತಿ ಇಲ್ಲವೆಂದಲ್ಲ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ದಾಟುವಂತಿಲ್ಲ. ಆದರೆ ಪಾಲುದಾರಿಕೆಯಲ್ಲಿ ನಡೆಯುವ ರಾಂಚಿನಲ್ಲಿ ಒಬ್ಬೊಬ್ಬ ಪಾಲುದಾರನಿಗೂ ಒಂದೊಂದು ಮಿತಿ. ವರ್ಷದ ಸರಾಸರಿ ಆದಾಯ 9,00,000 ಡಾಲರ್ ಮೀರಿದವರಿಗೆ ಕೊಡಬಾರದು ಎಂಬ ನಿಯಮವೂ ಇತ್ತು. 2025ರ ಜುಲೈ ಕಾಯ್ದೆ, ಆದಾಯದ ಶೇ. 75ರಷ್ಟು ಕೃಷಿ, ಪಶುಸಾಕಣೆಯಿಂದಲೇ ಬರುವವರನ್ನು ಈ ನಿಯಮದಿಂದ ಹೊರಗಿಟ್ಟಿತು. ಡಿ3ಕ್ಕಿಂತ ಕಡಿಮೆ ತೀವ್ರತೆಯ ಡಿ2 ಬರ ಬಂದರೆ ಒಂದು ಕಂತಿಗೆ ಕಾಯಬೇಕಿದ್ದ 8 ವಾರವನ್ನು ಅದೇ ಕಾಯ್ದೆ 4ಕ್ಕೆ ಇಳಿಸಿತು. ಇದು ಸಣ್ಣವರಿಗೂ ಒಳ್ಳೆಯದೇ. ತಲೆ ಲೆಕ್ಕದ ಸೂತ್ರವನ್ನು ಮಾತ್ರ ಹಾಗೇ ಬಿಟ್ಟರು.