ಮೊದಲು ಸಿಲಿಂಡರ್ ಕೇಳಿ, ಆಮೇಲೆ ಮಷಿನ್ ಕೊಳ್ಳಿ

ಹೋದ ತಿಂಗಳು ಬ್ಯಾಡಗಿ ಕಡೆಯ ಹುಡುಗನೊಬ್ಬ ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಶೆಡ್ಡಿಗೆ ಬಂದಿದ್ದ. ಮನೆ ಹಿಂದೆ ಒಂದಿಷ್ಟು ಜಾಗ ಇದೆ. ಮೆಟ್ಟಿಲಿಗೆ ಸ್ಟೀಲ್ ರೇಲಿಂಗ್, ಅಡುಗೆಮನೆಗೆ ಸ್ಟ್ಯಾಂಡು, ಹೀಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳಬೇಕು ಅನ್ನೋ ಆಸೆ ಅವನಿಗೆ.

‘ಅಣ್ಣಾರ, ಟಿಗ್ ಮಷಿನ್ ತಗೋಬೇಕಂತ ಮಾಡೇನ್ರಿ. 200 ಆಂಪ್ ಸಾಕಾಗ್ತೈತೇನ್ರಿ, ಇನ್ನೂ ದೊಡ್ಡದ ಬೇಕ್ರಿ?’

‘ತಮ್ಮಾ, ಆರ್ಗಾನ್ ಎಲ್ಲಿಂದ ತರ್ತಿ?’ ಅಂತ ಕೇಳಿದೆ. ಹುಡುಗ ಸುಮ್ಮನಾದ.

ನಮ್ಮ ಕಡೆ ಎಷ್ಟೋ ಜನ ಟಿಗ್ ಅನ್ನುವುದೇ ಇಲ್ಲ, ಆರ್ಗಾನ್ ವೆಲ್ಡಿಂಗ್ ಅಂತಾರೆ. ಆ ಹೆಸರೇ ಸರಿ ಅನಿಸುತ್ತದೆ ನನಗೆ. ಇದರಲ್ಲಿ ಕೆಲಸ ಗೆಲ್ಲಿಸುವುದೂ ಕೆಡಿಸುವುದೂ ಆ ಗ್ಯಾಸೇ. ಕೈಯಲ್ಲಿ ಹಿಡಿಯುವ ಟಾರ್ಚಿನ ತುದಿಯಲ್ಲಿ ಟಂಗ್‌ಸ್ಟನ್ ಕಡ್ಡಿ ಇರುತ್ತದೆ. ಅದಕ್ಕೂ ಸ್ಟೀಲಿಗೂ ನಡುವೆ ಕರೆಂಟಿನ ಉರಿ, ಅಂದರೆ ಆರ್ಕ್, ಹೊತ್ತಿ ಸ್ಟೀಲು ಕರಗುತ್ತದೆ. ಟಂಗ್‌ಸ್ಟನ್ ಕರಗಲು 3,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೆ ಕೆಂಪಗೆ ಕಾದ ಟಂಗ್‌ಸ್ಟನ್‌ಗೆ ಗಾಳಿ ತಗುಲಿದರೆ ಬೇಗನೆ ಸುಟ್ಟು ಕೆಡುತ್ತದೆ. ಕರಗಿದ ಸ್ಟೀಲಿನ ಕಥೆಯೂ ಅದೇ. ಎರಡನ್ನೂ ಗಾಳಿಯಿಂದ ಕಾಪಾಡುವುದು ಆರ್ಗಾನ್ ಒಂದೇ.

ಅದಕ್ಕೇ ಮಷಿನ್ ಅಂಗಡಿಗೆ ಹೋಗುವ ಮೊದಲು ಗ್ಯಾಸ್ ಅಂಗಡಿಗೆ ಹೋಗಿ. ದೊಡ್ಡ ಸಿಲಿಂಡರ್ ಅಂದರೆ 47 ಲೀಟರಿನದು, ಸುಮಾರು 7 ಕ್ಯೂಬಿಕ್ ಮೀಟರ್ ಗ್ಯಾಸ್ ಹಿಡಿಯುತ್ತದೆ. ಸಣ್ಣದು 10 ಲೀಟರಿನದು, ಅದರಲ್ಲಿ ಹೆಚ್ಚುಕಡಿಮೆ ಒಂದೂವರೆ ಕ್ಯೂಬಿಕ್ ಮೀಟರ್, ಅಂದರೆ 1,500 ಲೀಟರ್ ಗ್ಯಾಸ್. ನಿಮಿಷಕ್ಕೆ 8 ಲೀಟರಿನಂತೆ ಬಿಟ್ಟರೆ ಸಣ್ಣದು 3 ತಾಸು ಬರುತ್ತದೆ, ದೊಡ್ಡದು 14 ತಾಸಿಗೂ ಜಾಸ್ತಿ. ಇದು ಆರ್ಕ್ ಉರಿಯುವ ಹೊತ್ತಿನ ಲೆಕ್ಕ. ಅಳತೆ, ಕಟಿಂಗ್, ಗ್ರೈಂಡಿಂಗ್ ಹೊತ್ತು ಇದರಲ್ಲಿಲ್ಲ. ಕಲಿಯುವವರಿಗೆ 3 ತಾಸು ಬೇಗ ಮುಗಿಯುತ್ತದೆ. ಹುಬ್ಬಳ್ಳಿಯಲ್ಲೇ ಇದ್ದರೆ ಸಣ್ಣದು ಸಾಕು, ತುಂಬಿಸಿಕೊಂಡು ಬರಬಹುದು. ಪ್ರತಿ ಸಲ ದೂರದಿಂದ ಬರಬೇಕಾದವರು ದೊಡ್ಡದನ್ನೇ ಬಾಡಿಗೆಗೆ ಇಟ್ಟುಕೊಳ್ಳಿ. ಸ್ವಂತ ಸಿಲಿಂಡರ್ ಕೊಳ್ಳುವವರು ಅದರ ಹೆಗಲ ಮೇಲೆ ಒತ್ತಿರುವ ಟೆಸ್ಟ್ ತಾರೀಖು ಓದಿ. 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ, ಆಗಬೇಕು.

ಬಣ್ಣವನ್ನೂ ನೋಡಿ. ನಮ್ಮ ದೇಶದಲ್ಲಿ ಆರ್ಗಾನ್ ಸಿಲಿಂಡರ್ ನೀಲಿ. ಆದರೆ ಬಣ್ಣ ನೋಡಿ ಸುಮ್ಮನಾಗಬೇಡಿ, ಲೇಬಲ್ ಓದಿ. ಕೆಲವು ವರ್ಷಗಳ ಹಿಂದೆ ನನಗೆ ಒಂದು ಕಡೆಯಿಂದ ಮಿಗ್, ಅಂದರೆ ತಂತಿ ಕರಗಿಸಿ ಮಾಡುವ ವೆಲ್ಡಿಂಗಿನ ಮಿಕ್ಸ್ ಗ್ಯಾಸ್ ಬಂದಿತ್ತು. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಬೆರೆಸಿರುತ್ತಾರೆ. ಆರ್ಕ್ ಹಚ್ಚಿದ ಕೂಡಲೇ ಟಂಗ್‌ಸ್ಟನ್ ಕಪ್ಪಾಯಿತು. ಅರ್ಧ ದಿನ ಟಾರ್ಚ್ ಬಿಚ್ಚಿದೆ, ಪೈಪ್ ಬದಲಿಸಿದೆ, ಕೊನೆಗೆ ಮಷಿನ್ನೇ ಕೆಟ್ಟಿದೆ ಅಂದುಕೊಂಡೆ. ಲೇಬಲ್ ಓದಿದ್ದು ಸಂಜೆಗೆ. ಒಂದು ದೇವಸ್ಥಾನದ ರೇಲಿಂಗ್ ಕೆಲಸ ಅವತ್ತು ನಿಂತುಹೋಯಿತು. ಆ ಬೇಸರ ಇನ್ನೂ ಇದೆ.

ರೆಗ್ಯುಲೇಟರ್ ಕೊಳ್ಳುವಾಗ ಗಾಜಿನ ನಳಿಗೆಯೊಳಗೆ ಗುಂಡು ಮೇಲೇಳುವಂಥದ್ದನ್ನೇ ಕೊಳ್ಳಿ. ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತಿದೆ ಅಂತ ಕಣ್ಣಿಗೆ ಕಾಣಬೇಕು. ಮನೆ ಕೆಲಸಕ್ಕೆ 6ರಿಂದ 10 ಲೀಟರ್ ಸಾಕು. ಜಾಸ್ತಿ ಬಿಟ್ಟರೆ ಒಳ್ಳೆಯದು ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಗ್ಯಾಸ್ ರಭಸಕ್ಕೆ ಸುಳಿ ಎದ್ದು ಸುತ್ತಲಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಜೋಡಿಸಿದ ಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಸಣ್ಣ ಲೀಕು ಇದ್ದರೂ ರಾತ್ರಿ ಬೆಳಗಾಗುವುದರೊಳಗೆ ಸಿಲಿಂಡರ್ ಖಾಲಿ.

ಈಗ ಮಷಿನ್. ನೀವು ಅಲ್ಯೂಮಿನಿಯಂ ಮಾಡುತ್ತೀರಾ? ಇದನ್ನು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಆದರೆ ಅದರ ಮೇಲಿನ ಆಕ್ಸೈಡ್ ಪದರ 2,000 ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಅದನ್ನು ಒಡೆಯಲು ಎಸಿ ಕರೆಂಟ್ ಬೇಕು, ಹಾಗಾಗಿ ಎಸಿ-ಡಿಸಿ ಮಷಿನ್ ಬೇಕು, ಅದು ದುಬಾರಿ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಕಬ್ಬಿಣಕ್ಕೆ ಬರೀ ಡಿಸಿ ಸಾಕು. ‘ಮುಂದೆ ಯಾವಾಗಲಾದರೂ ಬೇಕಾದೀತು’ ಅಂತ ಎಸಿ ಕೊಂಡು ಅದರ ಸ್ವಿಚ್ ಒಮ್ಮೆಯೂ ತಿರುಗಿಸದವರನ್ನು ಬಹಳ ನೋಡಿದ್ದೇನೆ. ಬ್ಯಾಡಗಿ ಹುಡುಗನಿಗೆ ಡಿಸಿ ಅಂತಲೇ ಹೇಳಿದೆ.

ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪ್ ಅಂತ ಲೆಕ್ಕ ಇಡಿ, ಸ್ಟೇನ್‌ಲೆಸ್‌ಗೆ ಅದಕ್ಕಿಂತ ತುಸು ಕಡಿಮೆ. ರೇಲಿಂಗ್ ಪೈಪು 1.2 ಎಂಎಂ ಇದ್ದರೆ 40-45 ಆಂಪ್. 3 ಎಂಎಂ ಪಟ್ಟಿಗೂ 120 ಸಾಕು. 200 ಆಂಪ್ ಮಷಿನ್ ಮನೆಗೆ ಧಾರಾಳ. ದೊಡ್ಡ ಅಂಕಿಯ ಮಷಿನ್ ಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಮೇಲಿನ ಅಂಕಿ ಬಿಡಿ, ಕೆಳಗಿನದನ್ನು ನೋಡಿ. 10-15 ಆಂಪಿನಲ್ಲಿ ಆರ್ಕ್ ಅಲುಗದೆ ನಿಲ್ಲುತ್ತದಾ? ತೆಳು ಪೈಪಿನ ಕೆಲಸದಲ್ಲಿ ಮಷಿನ್ನಿನ ಗುಣ ಗೊತ್ತಾಗುವುದು ಅಲ್ಲೇ. ಆರ್ಕ್ ಹಚ್ಚಲು ಎಚ್‌ಎಫ್ ಇರಲಿ, ಅದು ಟಂಗ್‌ಸ್ಟನ್ ಮುಟ್ಟಿಸದೆಯೇ ಕಿಡಿ ಹಾರಿಸಿ ಹಚ್ಚುತ್ತದೆ. ಮುಟ್ಟಿಸಿ ಎತ್ತುವ ಲಿಫ್ಟ್ ಆರ್ಕ್ ಕೂಡ ಆಗುತ್ತದೆ, ಆದರೆ ಕೈ ಪಳಗದವರ ಟಂಗ್‌ಸ್ಟನ್ ಪೈಪಿಗೆ ಅಂಟಿಕೊಳ್ಳುತ್ತಲೇ ಇರುತ್ತದೆ. ಕರೆಂಟನ್ನು ತಾನೇ ಏರಿಸಿ ಇಳಿಸುವ ಪಲ್ಸ್ ಇದ್ದರೆ ಚಲೋ, ಇರದಿದ್ದರೂ ಕಲಿಯಬಹುದು. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಹಾಕಿದ್ದರೆ ಅವರು ಈ ಮಷಿನ್ ಹತ್ತಿರ ಬರಬಾರದು.

ಕರೆಂಟಿನ ಬಗ್ಗೆ ಜನ ವಿನಾಕಾರಣ ಹೆದರುತ್ತಾರೆ. ಟಿಗ್ ಆರ್ಕಿಗೆ ವೋಲ್ಟೇಜ್ ಕಡಿಮೆ ಸಾಕು. 60 ಆಂಪಿನಲ್ಲಿ ಸುಮಾರು 12 ವೋಲ್ಟ್, ಅಂದರೆ ಆರ್ಕಿಗೆ ಮುಕ್ಕಾಲು ಕಿಲೋವ್ಯಾಟ್ ಅಷ್ಟೇ. ಅದೇ ಮಷಿನ್ನಿನಲ್ಲಿ ರಾಡ್ ವೆಲ್ಡಿಂಗ್, ಅಂದರೆ ರಾಡನ್ನೇ ಕರಗಿಸಿ ಬೆಸೆಯುವ ಕೆಲಸ, 120 ಆಂಪಿಗೆ ಇಟ್ಟರೆ ಆರ್ಕಿಗೇ 3 ಕಿಲೋವ್ಯಾಟ್ ಬೇಕು. ಹಾಗಾಗಿ ರಾಡ್ ಕೆಲಸವನ್ನೂ ಮಾಡುವವರು ಹೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತ ಒಮ್ಮೆ ನೋಡಿ. ಸಪೂರ ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಮಾತ್ರ ಮಷಿನ್ ಹಾಕಲೇಬೇಡಿ. ಬೇರೆ ಲೈನ್ ಎಳೆಸಿ, ಎಂಸಿಬಿ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಮಷಿನ್ ಜೊತೆ ಬರುವ ಟಾರ್ಚಿನ ಕೇಬಲ್ ಹಲವು ಸಲ ಬಿರುಸಾಗಿರುತ್ತದೆ. ಮಣಿಕಟ್ಟು ಸೋತುಹೋಗುತ್ತದೆ. 17 ನಂಬರಿನ ಏರ್ ಕೂಲ್ಡ್ ಟಾರ್ಚ್, ಮೆತ್ತನೆಯ ಕೇಬಲ್ ಇರುವುದು, ಮನೆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದಕ್ಕೊಂದು ಗ್ಯಾಸ್ ಲೆನ್ಸ್ ಹಾಕಿ. ಒಳಗಿನ ಸಣ್ಣ ಜಾಲರಿ ಗ್ಯಾಸನ್ನು ಸಮನಾಗಿ ಇಳಿಸುತ್ತದೆ. ಟಂಗ್‌ಸ್ಟನ್ ಸ್ವಲ್ಪ ಉದ್ದ ಹೊರಗಿಟ್ಟರೂ ನಡೆಯುತ್ತದೆ, ಮೂಲೆಯ ಜಾಯಿಂಟ್ ಕಣ್ಣಿಗೆ ಕಾಣುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಫರಕು ತರುವ ಸಾಮಾನು ಬೇರೆ ಇಲ್ಲ. ಟಾರ್ಚಿನ ತುದಿಗೆ ಹಾಕುವ ಪಿಂಗಾಣಿ ಕಪ್ ಬಿದ್ದರೆ ಒಡೆಯುತ್ತದೆ, ನಾಲ್ಕೈದು ಹೆಚ್ಚಿಗೆ ತನ್ನಿ.

ಟಂಗ್‌ಸ್ಟನ್ 1.6 ಎಂಎಂ ತನ್ನಿ, ತುದಿಗೆ ನೀಲಿ ಬಣ್ಣ ಇರುವ ಲ್ಯಾಂಥನೇಟೆಡ್. ಅಂಗಡಿಯವರು ರೂಢಿಯಂತೆ ಕೆಂಪು ಕೊಡುತ್ತಾರೆ. ಕೆಂಪಿನಲ್ಲಿ ಥೋರಿಯಂ ಇರುತ್ತದೆ, ಅದು ವಿಕಿರಣ ಸೂಸುವ ವಸ್ತು. ಚೂಪು ಮಾಡುವಾಗ ಏಳುವ ಧೂಳು ಉಸಿರಿನಲ್ಲಿ ಹೋಗಬಾರದು. ಮನೆಯ ಅಂಗಳದಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಆ ಧೂಳು ಯಾಕೆ ಬೇಕು? ಚೂಪು ಮಾಡುವಾಗ ಗೀರುಗಳು ಉದ್ದಕ್ಕೆ ಬರಬೇಕು, ಅಡ್ಡಕ್ಕೆ ಬಂದರೆ ಆರ್ಕ್ ಅತ್ತಿತ್ತ ಓಡುತ್ತದೆ. ಇನ್ನೊಂದು ಮಾತು, ಟಾರ್ಚನ್ನು ಮೈನಸ್ಸಿಗೆ ಹಾಕಿ, ಅರ್ಥ್ ಕ್ಲಾಂಪನ್ನು ಪ್ಲಸ್ಸಿಗೆ. ರಾಡ್ ವೆಲ್ಡಿಂಗ್ ರೂಢಿ ಇರುವವರು ಉಲ್ಟಾ ಚುಚ್ಚುತ್ತಾರೆ, ಟಂಗ್‌ಸ್ಟನ್ ತುದಿ ಕರಗಿ ಗುಂಡಾಗುತ್ತದೆ.

ಜಾಯಿಂಟಿಗೆ ಕರಗಿಸಿ ತುಂಬುವ ಫಿಲ್ಲರ್ ಕಡ್ಡಿ 304 ನಂಬರಿನ ಸ್ಟೇನ್‌ಲೆಸ್ ಸ್ಟೀಲಿಗೆ 308 ಎಲ್, ಕಬ್ಬಿಣಕ್ಕೆ 70 ಎಸ್-6, ಎರಡನ್ನೂ ಕೂಡಿಸಲು 309 ಎಲ್.

ಹೆಲ್ಮೆಟ್ಟಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ತಾನಾಗಿ ಕಪ್ಪಾಗುವ ಅಗ್ಗದ ಹೆಲ್ಮೆಟ್‌ಗಳು ರಾಡ್ ಆರ್ಕಿಗೆ ಕಪ್ಪಾಗುತ್ತವೆ, ಟಿಗ್‌ನ ಸಣ್ಣ ಆರ್ಕನ್ನು ಗುರುತಿಸುವುದಿಲ್ಲ. 4 ಸೆನ್ಸರ್ ಇರುವುದನ್ನು ಕೊಳ್ಳಿ. ಟಿಗ್‌ನಲ್ಲಿ ಕಿಡಿ ಇಲ್ಲ, ಹೊಗೆ ಇಲ್ಲ ಅಂತ ಬನಿಯನ್ ಮೇಲೆ ಕೂರುವವರಿದ್ದಾರೆ. ಸ್ಟೀಲಿನ ಹೊಳಪಿಗೆ ಆ ಬೆಳಕು ತಿರುಗಿ ಕುತ್ತಿಗೆ, ತೋಳು ಸುಡುತ್ತದೆ. ರಾತ್ರಿ ಕಣ್ಣಲ್ಲಿ ಮರಳು ಸುರಿದಂತಾಗಿ ನಿದ್ದೆ ಇಲ್ಲದೆ ಅಳುವ ಹುಡುಗರನ್ನು ನೋಡಿದ್ದೇನೆ. ದಪ್ಪ ಕಾಟನ್ ಅಂಗಿ, ಉದ್ದ ತೋಳು, ಕೈಗೆ ತೆಳು ಚರ್ಮದ ಗ್ಲೌಸ್.

ಜಾಗದ ಮಾತೂ ಇದೆ. ಗದಗ ಕಡೆಯ ಕಪ್ಪತಗುಡ್ಡದ ಮೇಲೆ ವಿಂಡ್‌ಮಿಲ್ ಸುಮ್ನೆ ನಿಲ್ಲಿಸಿಲ್ಲ, ನಮ್ಮ ಸೀಮೆಯ ಗಾಳಿ ಅಂಥದ್ದು. ಬಯಲಲ್ಲಿ ಕೂತರೆ ಆರ್ಗಾನ್ ಹಾರಿಹೋಗುತ್ತದೆ, ಜಾಯಿಂಟ್ ಬೂದು ಬಣ್ಣಕ್ಕೆ ತಿರುಗುತ್ತದೆ. ಫ್ಯಾನ್ ಗಾಳಿಯೂ ನೇರ ಬೀಳಬಾರದು. ಹಾಗಂತ ಕಿಟಕಿ ಬಾಗಿಲು ಬಿಗಿದು ಕೂರಬೇಡಿ. ಆರ್ಗಾನ್ ಗಾಳಿಗಿಂತ ಭಾರ, ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಕೆಳಗೆ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಒಂದು ಕಡೆ ಪತ್ರಾಸಿನ ಮರೆ ಕಟ್ಟಿ, ಇನ್ನೊಂದು ಕಡೆ ತೆರೆದಿಡಿ. ಸತು ಲೇಪಿಸಿದ ಜಿಐ ಪೈಪಿನ ಕೆಲಸಕ್ಕೆ ಟಿಗ್ ಹಚ್ಚಬೇಡಿ. ಸತು ಆವಿಯಾಗಿ ಟಂಗ್‌ಸ್ಟನ್ ಕೆಡುತ್ತದೆ, ಆ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಅದಕ್ಕೆ ರಾಡೇ ಸರಿ. ಸತು ಉಜ್ಜಿ ತೆಗೆದು, ಬಯಲಲ್ಲಿ ಮಾಡಿ.

ಮಷಿನ್ ಕೊಳ್ಳಲು ಹೋಗುವಾಗ ನಿಮ್ಮದೇ ತುಂಡುಗಳನ್ನು ಒಯ್ಯಿರಿ ಅಂತ ಆ ಹುಡುಗನಿಗೆ ಹೇಳಿದ್ದೆ. ಹೋದ ವಾರ 1.2 ಎಂಎಂ ಪೈಪಿನ ಆರು ತುಂಡುಗಳನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಇಬ್ಬರೂ ಕೂಡಿ ಅಂಗಡಿಗೆ ಹೋದೆವು. ಮೂರು ಮಷಿನ್ ಹಚ್ಚಿ ನೋಡಿದೆವು. ಎರಡರಲ್ಲಿ 15 ಆಂಪಿಗೆ ಆರ್ಕ್ ನಡುಗಿ ಆರಿಹೋಯಿತು. ಮೂರನೆಯದು ನಿಂತಿತು. ಜಾಯಿಂಟ್ ಬಂಗಾರದ ಬಣ್ಣಕ್ಕೆ ಬಂತು. ಅದನ್ನೇ ಕಟ್ಟಿಸಿದೆವು.